ಬದುಕಿದ್ದವನಿಗೆ ಅತ್ತವಳು

“ಇನ್ನೊಮ್ಮೆ ಸೇದಮ್ಮ... ಈ ಸಲ ಸ್ವಲ್ಪ ಸುಸ್ತಾದ ಹಾಗೆ ಮುಖ ಮಾಡು!”

ಸಾವಂತ್ರಿಯ ಕೈ ಹಗ್ಗದ ಮೇಲೆಯೇ ನಿಂತಿತು. ಇದು ಐದನೇ ಸಲ! ನಾಲ್ಕು ಕೊಡ ನೀರು ಸೇದಿಸಿ, ನಾಲ್ಕನ್ನೂ ತಿರುಗಿ ಬಾವಿಗೇ ಸುರಿಸಿದ್ದರು. ಅಂಗೈ ಉರಿಯುತ್ತಿತ್ತು.

ಬಾವಿ ಕಟ್ಟೆಯ ಆ ಕಡೆ ಕ್ಯಾಮೆರಾ. ಅದರ ಪಕ್ಕದಲ್ಲಿ ಕರಿ ಕನ್ನಡಕದ ಡೈರೆಕ್ಟರ್ ಸಾಹೇಬ. ಇನ್ನೊಂದು ಪಕ್ಕದಲ್ಲಿ ಹೆಗಲಿಗೆ ಟೇಪ್ ರೆಕಾರ್ಡರ್ ತೂಗಿಹಾಕಿಕೊಂಡು, ಎರಡೂ ಕಿವಿಗೆ ಬಟ್ಟಲಿನಂಥದ್ದೇನೋ ಮುಚ್ಚಿಕೊಂಡು, ಉದ್ದ ಕೋಲಿಗೆ ಕಟ್ಟಿದ ಮೈಕನ್ನು ಅವಳ ಕೊಡದ ಕಡೆಗೆ ಚಾಚಿ ನಿಂತ ಒಬ್ಬ ತೆಳ್ಳನೆಯ ತರುಣ.

“ಸುಸ್ತಾದಂಗ ಯಾಕ ಮಾಡ್ಲಿ? ಖರೇನ ಸುಸ್ತಾಗೇನಿ!” ಎಂದು ಒದರಿದಳು ಸಾವಂತ್ರಿ.

“ಅದು ಕಾಣಿಸ್ತಿಲ್ಲಮ್ಮ. ನಮಗೆ ನಿಜ ಬೇಕು, ನಿಜ!”

ನಿಜ ಬೇಕಂತೆ! ನಿಜವೇನು ಹೊಲದ ಬದುವಿನಲ್ಲಿ ಬೆಳೆಯುವ ಬದನೆಕಾಯಿಯೇ, ಬಾಗಿಸಿ ಕಿತ್ತು ಬುಟ್ಟಿಗೆ ಹಾಕಿಕೊಳ್ಳಲಿಕ್ಕೆ?

ಸಾವಂತ್ರಿ ಐದನೇ ಕೊಡ ಸೇದಿದಳು. ಎತ್ತಿದಳು. ನೇರ ಕ್ಯಾಮೆರಾದ ಮೇಲೆ ಸುರಿಯಲು ನುಗ್ಗಿದಳು!

ಆ ತರುಣ ಅಡ್ಡ ಬಂದ. ಅಷ್ಟೂ ನೀರು ಅವನ ನೆತ್ತಿಯ ಮೇಲೆ!

ಅವನು ತನ್ನ ಮುಖ ಒರೆಸಿಕೊಳ್ಳಲಿಲ್ಲ. ಟೇಪ್ ರೆಕಾರ್ಡರನ್ನು ಕೂಸಿನಂತೆ ಹೊಟ್ಟೆಗೆ ಅವುಚಿಕೊಂಡು ಬಗ್ಗಿ ನಿಂತಿದ್ದ.

“ನನ್ನ ಎಷ್ಟರೆ ತೋಯಿಸ್ರಿ... ಇದರ ಮ್ಯಾಲೆ ಒಂದ ಹನಿ ಬೀಳಬಾರ್ದು. ಇದರಾಗ ನಿಮ್ಮ ದನಿ ಐತಿ.”

“ನನ್ನ ದನಿ ಅದರಾಗ ಹೆಂಗ ಹೋತು?”

ಅವನು ಸುಮ್ಮನೆ ಆ ಬಟ್ಟಲುಗಳನ್ನು ತೆಗೆದು ಅವಳ ಕಿವಿಗೆ ಇಟ್ಟ. ಒಂದು ಗುಂಡಿ ಒತ್ತಿದ. “ಖರೇನ ಸುಸ್ತಾಗೇನಿ!” ಎಂದು ಯಾರೋ ಅವಳ ತಲೆಯೊಳಗೇ ಕುಳಿತು ಕೂಗಿದಂತಾಯಿತು. ಸಾವಂತ್ರಿ ಎರಡು ಹೆಜ್ಜೆ ಹಿಂದೆ ಜಿಗಿದಳು.

“ಯವ್ವಾ! ಇಷ್ಟ ಒದರತೇನೇನು ನಾ?”

“ಸಣ್ಣ ಮಾಡಿ ಕೇಳಿಸೇನ್ರಿ,” ಎಂದ ಅವನು. ಅವನ ಗದ್ದದಿಂದ ನೀರು ತೊಟ್ಟಿಕ್ಕುತ್ತಿತ್ತು. ಕಣ್ಣು ನಗುತ್ತಿದ್ದವು.

ಅವನ ಹೆಸರು ಭೀಮಶ್ಯಾ.

* * *

ಅದು ಎಪ್ಪತ್ತೈದನೇ ಇಸವಿಯ ಕೊನೆ. ಆಕಾಶದಲ್ಲಿ ಉಪಗ್ರಹ ನಿಲ್ಲಿಸಿ ಹಳ್ಳಿ ಹಳ್ಳಿಯ ಸಾಲಿಗೆ, ಅಂದರೆ ಶಾಲೆಗೆ, ಟಿ.ವಿ. ಕೊಟ್ಟಿದ್ದರು. ಮೋರಟಗಿಯ ಜನ ಸಂಜೆಯಾದರೆ ಚಾಪೆ ಹಿಡಿದು ಸಾಲಿಯ ಅಂಗಳಕ್ಕೆ ಹೋಗಿ ಕೂರುತ್ತಿದ್ದರು. ಆ ಪೆಟ್ಟಿಗೆಗೆ ದಿನವೂ ಏನಾದರೂ ತಿನ್ನಿಸಬೇಕಲ್ಲ? ಅದಕ್ಕೆಂದು ದೊಡ್ಡ ಊರಿನ ಒಂದು ಖಾಸಗಿ ತಂಡ ಜೀಪು ಹತ್ತಿ ಬಂದಿತ್ತು. ಹಳ್ಳಿಯ ಬದುಕನ್ನು ಇದ್ದದ್ದು ಇದ್ದ ಹಾಗೇ ಹಿಡಿಯುತ್ತೇವೆ ಅಂತ ಅವರ ಮಾತು. ಹಾವು ಕಚ್ಚಿದವನನ್ನು ಮಂತ್ರ ಹಾಕುವವನ ಹತ್ತಿರ ಒಯ್ಯದೆ ಆಸ್ಪತ್ರೆಗೆ ಒಯ್ಯಿರಿ ಎಂದು ತಿಳಿಸುವ ಚಿತ್ರ. ಉದ್ದೇಶ ಒಳ್ಳೆಯದೇ. ಉದ್ದೇಶ ಒಳ್ಳೆಯದಿದ್ದವರೇ ಮನೆ ಹಾಳು ಮಾಡುವುದು ಹೆಚ್ಚು!

ಭೀಮಶ್ಯಾ ಮುದ್ದೇಬಿಹಾಳ ಕಡೆಯ ಹಳ್ಳಿಯವನು. ದನಿ ಹಿಡಿಯುವುದು ಅವನ ಕೆಲಸ. ಒಂದು ತಿಂಗಳು ಮೋರಟಗಿಯಲ್ಲಿದ್ದ. ಸಾವಂತ್ರಿಯ ಮನೆಯ ಬೀಸುಕಲ್ಲಿನ ದನಿ ಬೇಕೆಂದು ಬಂದ. ಆಮೇಲೆ ರೊಟ್ಟಿ ಬಡಿಯುವ ದನಿ ಬೇಕೆಂದು ಬಂದ. ಆಮೇಲೆ ಕೋಳಿಯ ದನಿ ಬೇಕೆಂದು ಬಂದ.

“ನಿಮ್ಮ ಊರಾಗ ಕೋಳಿ ಕೂಗೂದಿಲ್ಲೇನೋ ಯಪ್ಪಾ?” ಎಂದಳು ಸಾವಂತ್ರಿ ‘ಆಯಿ’ ಎಂದು ಕರೆಯುವ ಅಜ್ಜಿ ಹುಚ್ಚವ್ವ, ಬಾಯಲ್ಲಿ ಹಲ್ಲಿಲ್ಲದಿದ್ದರೂ ಮಾತಿಗೆ ಹಲ್ಲಿದ್ದ ಮುದುಕಿ.

“ಕೂಗ್ತಾವ್ರೆವ್ವಾ. ಇಷ್ಟ ಚಂದ ಕೂಗೂದಿಲ್ಲ.”

“ಕೋಳಿ ನೋಡಿ ಮಾತಾಡು. ಒಲಿ ಕಡೆ ಏನ ನೋಡ್ತಿ?”

ಒಲೆಯ ಮುಂದೆ ಕೂತಿದ್ದ ಸಾವಂತ್ರಿ ಸೆರಗು ಬಾಯಿಗೆ ಒತ್ತಿಕೊಂಡಳು.

ಅವನು ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಅವಳೂ ಹೇಳಲಿಲ್ಲ. ಹೇಗೆ ಹೇಳಿಯಾಳು? ಅವಳಿಗೆ ಬಸವನ ಬಾಗೇವಾಡಿಯ ವರ ಗೊತ್ತಾಗಿತ್ತು. ಬೀಗರು ಬಂದು ಸೀರೆ ಉಡಿಸಿ ಸಂಬಂಧ ಗಟ್ಟಿ ಮಾಡಿ ಹೋಗುವುದೊಂದೇ ಬಾಕಿ. ತಾಯಿ ಇಲ್ಲದ ಹುಡುಗಿ, ಅಪ್ಪ ಬಸಣ್ಣ ಆಡಿದ ಮಾತು ತಿರುಗಿಸುವವನಲ್ಲ.

ಕೊನೆಯ ವಾರ ಭೀಮಶ್ಯಾ ಬಂದು, “ನಾಳಿ ನಮ್ಮ ಕೆಲಸ ಮುಗೀತೈತಿ. ನಾಡದು ಹೋಗ್ತೇವಿ,” ಎಂದ.

“ಹೋಗ್ರಿ. ಯಾರು ಹಿಡದಾರ?” ಎಂದಳು ಸಾವಂತ್ರಿ.

ಅವನು ತಲೆ ತಗ್ಗಿಸಿಕೊಂಡು ಹೋದ. ಅವಳಿಗೆ ಊಟ ಇಳಿಯಲಿಲ್ಲ.

‘ನಾಳಿ ಹೇಳಿಬಿಡ್ತೇನಿ... ಬಾಗೇವಾಡಿ ಸೀರಿ ಉಡೂದಿಲ್ಲ ಅಂತ ಮೊದಲ ಈ ದನಿ ಹಿಡಿಯೂವರಿಗೆ ಹೇಳ್ತೇನಿ, ಆಮ್ಯಾಲೆ ಅಪ್ಪಗ. ಹೊಡದ್ರ ಹೊಡೀಲಿ!’

ಅದೇ ನಾಳೆ ಅವಳ ಬಾಳು ಸುಟ್ಟಿತು.

* * *

ಚಿತ್ರದ ಕೊನೆಗೆ ಒಂದು ಸಾವು ಬೇಕಿತ್ತು. ಹಾವು ಕಚ್ಚಿದ ಮನುಷ್ಯ ಆಸ್ಪತ್ರೆ ಕಾಣದೆ ಸತ್ತು ಮಲಗಿರಬೇಕು, ಹೆಂಗಸು ಹಾಡಿಕೊಂಡು ಅಳಬೇಕು.

ನಮ್ಮ ಕಡೆ ಹೆಂಗಸರು ಸತ್ತವರ ಮುಂದೆ ಸುಮ್ಮನೆ ಅಳುವುದಿಲ್ಲ. ಹಾಡಿಕೊಂಡು ಅಳುತ್ತಾರೆ. ಎದೆಯಲ್ಲಿದ್ದುದನ್ನೆಲ್ಲ, ಬದುಕಿದ್ದಾಗ ಆಡದ ಮಾತನ್ನೆಲ್ಲ, ರಾಗ ಎಳೆದು ಹೆಣದ ಮುಂದೆ ಸುರಿಯುತ್ತಾರೆ. ಅಲ್ಲಿ ಯಾರೂ ಸುಳ್ಳು ಹೇಳುವುದಿಲ್ಲ. ಬದುಕಿದ್ದವರಿಗೆ ಮಾತ್ರ ಯಾರೂ ಹಾಗೆ ಅಳಬಾರದು. ಅದು ಅಪಶಕುನಕ್ಕಿಂತ ದೊಡ್ಡದು.

ಡೈರೆಕ್ಟರ್ ಅಂದು ಬೆಳಿಗ್ಗೆ ಊರ ಹೆಂಗಸರನ್ನು ಕೇಳಿದ. ಒಬ್ಬರೂ ಒಪ್ಪಲಿಲ್ಲ.

“ಸುಳ್ಳ ಅಳು ಅತ್ತು ಖರೇ ಸಾವು ಕರ್ಕೊಳ್ಳಾಕ ನಮಗೇನ ಹುಚ್ಚೇನ್ರಿ ಸಾಹೇಬ್ರ?” ಎಂದಳು ಹುಚ್ಚವ್ವ.

ಹೆಣವಾಗಿ ಮಲಗಲೂ ಯಾರೂ ಬರಲಿಲ್ಲ. “ನನಗ ಆ ನಂಬಿಕಿ ಇಲ್ರಿ. ನಾ ಮಲಗ್ತೇನಿ,” ಎಂದವನು ಭೀಮಶ್ಯಾ.

ಡೈರೆಕ್ಟರನ ಕರಿ ಕನ್ನಡಕದ ಹಿಂದೆ ಏನೋ ಹೊಳೆಯಿತು. ಹುಡುಗನ ಕಣ್ಣು ಯಾರ ಕಡೆ ಹೋಗುತ್ತದೆ, ಹುಡುಗಿಯ ಕಣ್ಣು ಯಾರ ಕಡೆ ಹೋಗುತ್ತದೆ ಅಂತ ತಿಂಗಳಿಂದ ನೋಡಿದ್ದ ಮನುಷ್ಯ ಅವನು. ನೋಡುವುದೇ ಅವನ ಕಸುಬು.

“ಆ ಬಾವಿಯ ಹುಡುಗಿ ಒಪ್ಪಿದ್ದಾಳೆ. ಅವಳೇ ಅಳ್ತಾಳೆ. ನಾನು ಕಟ್ ಅನ್ನೋವರೆಗೂ ನೀನು ಅಲುಗಾಡಬೇಡ,” ಎಂದ ಭೀಮಶ್ಯಾನಿಗೆ.

ಸಾವಂತ್ರಿಗೆ ಇದು ಯಾವುದೂ ಗೊತ್ತಿರಲಿಲ್ಲ. ಅವಳು ನಸುಕಿನಿಂದ ಹೊಲದಲ್ಲಿ ಜೋಳ ಕೀಳುತ್ತಿದ್ದಳು. ಡೈರೆಕ್ಟರ್ ತಾನೇ ಬದುವಿನ ತನಕ ಓಡಿ ಬಂದ. ಕನ್ನಡಕ ತೆಗೆದಿದ್ದ.

“ಬೇಗ ಬಾಮ್ಮ! ಭೀಮಶ್ಯಾನಿಗೆ ಹಾವು ಕಚ್ಚಿಬಿಡ್ತು... ಉಳೀಲಿಲ್ಲ...”

ಅವಳ ಕೈಯಿಂದ ಜೋಳದ ಸಿವುಡು ಜಾರಿತು.

ಹೇಗೆ ಓಡಿದಳೋ! ಸಾಲಿಯ ಮುಂದಿನ ಬೇವಿನ ಗಿಡದ ಕೆಳಗೆ ಚಾಪೆ. ಚಾಪೆಯ ಮೇಲೆ ಬಿಳಿ ಬಟ್ಟೆ. ಬಟ್ಟೆಯಿಂದ ಹೊರಗೆ ಕಾಣುತ್ತಿದ್ದ ಮುಖ...

ಅವಳಿಗೆ ಕ್ಯಾಮೆರಾ ಕಾಣಲಿಲ್ಲ. ಊರು ಕಾಣಲಿಲ್ಲ. ಮಣ್ಣಿಗೆ ಬಿದ್ದಳು. ಎದೆ ಬಡಿದುಕೊಂಡಳು. ಬಾಯಿ ತಾನಾಗಿ ತೆರೆಯಿತು.

“ಯಾರಿಗ್ಹೇಳಲೋ ನನ ಜೀವಾ... ನಿನ್ನ ಕಿವಿಗೆ ಒಂದ ಮಾತ ಹಾಕಾಕಿದ್ನೆಲ್ಲೋ...

ಊರ ದನಿಯೆಲ್ಲಾ ತುಂಬಿಕೊಂಡಿ, ನನ್ನ ಮಾತ ಕೇಳದ ಹೋದೆಲ್ಲೋ...

ಬಾಗೇವಾಡಿ ಸೀರಿ ಒಲ್ಲೆ ಅನ್ನಾಕ ಬರಾಕತ್ತಿದ್ನೆಲ್ಲೋ ನನ ರಾಜಾ... ಒಂದ ದಿನಾ ತಡಿಲಿಲ್ಲೋ ಭೀಮಶ್ಯಾ...

ನೀರ ಸುರದ ಕೈಲೆ ಮಣ್ಣ ಹೆಂಗ ಸುರೀಲೋ...”

ಊರು ಬೆರಗಾಗಿ ನಿಂತಿತು. ಬಸಣ್ಣ ಗುಂಪಿನ ಹಿಂದೆ ಕಲ್ಲಾಗಿದ್ದ. ಕ್ಯಾಮೆರಾ ಗುರ್ ಎನ್ನುತ್ತ ಓಡುತ್ತಿತ್ತು. ಭೀಮಶ್ಯಾನ ಮೈಕಿನ ಕೋಲು ತಂಡದ ಇನ್ನೊಬ್ಬನ ಕೈಯಲ್ಲಿತ್ತು.

ಅವಳು ಅವನ ಎದೆಯ ಮೇಲೆ ತಲೆ ಇಟ್ಟಳು.

ಒಳಗೆ ಗುಂಡಿಗೆ ಡವಡವ ಹೊಡೆದುಕೊಳ್ಳುತ್ತಿತ್ತು!

ಸಾವಂತ್ರಿ ತಲೆ ಎತ್ತಿದಳು. ಅವನ ಮುಚ್ಚಿದ ಕಣ್ಣಿನ ಅಂಚಿನಿಂದ ನೀರು ಇಳಿಯುತ್ತಿತ್ತು. ಅವನು ಕಣ್ಣು ತೆರೆದ.

“ಕಟ್! ವಾಹ್, ಎಂಥಾ ನಿಜ!” ಎಂದು ಚಪ್ಪಾಳೆ ತಟ್ಟಿದ ಡೈರೆಕ್ಟರ್.

ಸಾವಂತ್ರಿ ಭೀಮಶ್ಯಾನ ಕೆನ್ನೆಗೆ ಹೊಡೆದಳು. ಮತ್ತೊಮ್ಮೆ ಹೊಡೆದಳು. ಮೂರನೆಯದಕ್ಕೆ ಎತ್ತಿದ ಕೈ ಹಾಗೇ ನಿಂತಿತು.

“ಇದರಕಿಂತ ಖರೇ ಸತ್ತಿದ್ರ ಚಲೋ ಇತ್ತು!”

“ಸಾವಂತ್ರಿ... ನಿನಗ ಗೊತ್ತಿರಲಿಲ್ಲೇನು? ನೀ ಒಪ್ಪೀದಿ ಅಂತ ಹೇಳಿದ್ರು... ಸಾವಂತ್ರಿ, ಕೇಳು!”

ಅವಳು ಕೇಳಲಿಲ್ಲ. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಓಡಿದಳು. ಹಿಂದಿನಿಂದ ಅವನ ಕೂಗು ಬಂತು: “ಆ ರೀಲ್ ನಾ ಹೊರಗ ಹೋಗಗೊಡೂದಿಲ್ಲ! ಆಣಿ ಮಾಡ್ತೇನಿ!”

‘ಸುಳ್ಳ... ಎಲ್ಲಾ ಸುಳ್ಳ. ಎಲ್ಲಾರೂ ಕೂಡಿ ನನ್ನ ಎದಿ ಸೀಳಿ ನೋಡಿದ್ರು!’

* * *

ತಂಡ ಹೋಯಿತು. ಭೀಮಶ್ಯಾನೂ ಅವರ ಜೊತೆ ಹೋದ. ಒಂದು ತಿಂಗಳು ಕಳೆಯಿತು, ಪತ್ರವಿಲ್ಲ. ಎರಡು ತಿಂಗಳಾಯಿತು.

ಊರು ಬಾಯಿ ಮುಚ್ಚಿಕೊಂಡಿತ್ತು. ನಮ್ಮ ಹುಡುಗಿ, ನಮ್ಮಲ್ಲೇ ಮುಚ್ಚಿಹೋಗಲಿ ಅಂತ ಹಿರಿಯರು ಅಂದಿದ್ದರು. ಬಾಗೇವಾಡಿಗೆ ಸುದ್ದಿ ಹೋಗಿರಲಿಲ್ಲ. ಬಸಣ್ಣ ಮಗಳ ಜೊತೆ ಮಾತು ಬಿಟ್ಟಿದ್ದ, ಆದರೆ ಸೀರೆ ಉಡಿಸುವ ದಿನ ಗೊತ್ತು ಮಾಡಿಕೊಂಡು ಬಂದಿದ್ದ. ಸಾವಂತ್ರಿ ಒಲ್ಲೆ ಅನ್ನಲಿಲ್ಲ. ಯಾರಿಗಾಗಿ ಒಲ್ಲೆ ಅನ್ನಬೇಕು?

ಆಮೇಲೆ ಒಂದು ಸಂಜೆ ಸಾಲಿಯ ಟಿ.ವಿ.ಯಲ್ಲಿ ಅವಳ ಮುಖ ಬಂತು.

ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಸಾವಂತ್ರಿಗೆ ತನ್ನ ಅಳು ತನಗೇ ಕೇಳಿಸಿತು. ಸಾಲಿಯ ಕಡೆಯಿಂದ, ಗಾಳಿಯಲ್ಲಿ, ಪೂರಾ ರಾಗ ಸಮೇತ. ಕೈಯಲ್ಲಿದ್ದ ಹಿಟ್ಟು ಹಾಗೇ ಇತ್ತು. ಅಳು ಮುಗಿದ ಮೇಲೆ ಒಬ್ಬ ಗಂಡಸಿನ ನಯವಾದ ದನಿ ಹೇಳಿತು:

“ಹೀಗೆ ಮೂಢನಂಬಿಕೆಗೆ ಒಬ್ಬ ಬಡ ರೈತ ಬಲಿಯಾದ. ಈ ನತದೃಷ್ಟ ಹೆಣ್ಣು ತನ್ನ ಗಂಡನನ್ನು ಕಳೆದುಕೊಂಡಳು.”

ಗಂಡನನ್ನು!

ನೋಡಿದಿರಾ ಅವರ ನಿಜ? ಮದುವೆ ಇಲ್ಲ, ಸಾವು ಇಲ್ಲ, ರೈತನಂತೂ ಅಲ್ಲವೇ ಅಲ್ಲ. ಅಳು ಒಂದೇ ಖರೆ. ಆ ಖರೆಯನ್ನು ಕದ್ದು ಸುತ್ತ ಮೂರು ಸುಳ್ಳು ಸುತ್ತಿದ್ದರು. ಆ ಚಿತ್ರಕ್ಕೆ ಡೈರೆಕ್ಟರನ ಬೆನ್ನು ತಟ್ಟಿದರಂತೆ. ಅವನಿಗೆ ಏನೂ ಆಗಲಿಲ್ಲ. ಅಂಥವರಿಗೆ ಏನೂ ಆಗುವುದಿಲ್ಲ.

ಮೂರನೇ ದಿನ ಬಾಗೇವಾಡಿಯಿಂದ ಮಾತು ಬಂತು. “ಗಂಡ ಸತ್ತಾಕಿನ್ನ ಕುಂವಾರಿ ಅಂತ ನಮ್ಮ ಕೊರಳಿಗೆ ಕಟ್ಟತಿದ್ರೇನು? ಆಕಿ ಬಾಯಾಗಿಂದ ಕೇಳೇವಿ, ಬಾಗೇವಾಡಿ ಸೀರಿ ಒಲ್ಲೆ ಅಂತ. ನಾವೂ ಒಲ್ಲೆವು.”

ಬಸಣ್ಣ ತಲೆಗೆ ಸುತ್ತಿದ್ದ ಪಟಗ ತೆಗೆದು ನೆಲಕ್ಕಿಟ್ಟು ಕೂತ. ಎಂಟು ದಿನ ಹಾಗೇ ಕೂತ.

ಸಾವಂತ್ರಿ ನೀರಿಗೆ ಹೊರಟರೆ ಹುಚ್ಚವ್ವನೂ ಕೋಲು ಊರಿಕೊಂಡು ಬೆನ್ನು ಹತ್ತುತ್ತಿದ್ದಳು. ಅವಳಿಗೆ ನಡೆಯಲು ಬರುತ್ತಿರಲಿಲ್ಲ, ಆದರೂ.

“ನೀ ಯಾಕ ಬರ್ತಿ ಆಯಿ? ನಾ ಬಾವಿಗೆ ಬೀಳೂದಿಲ್ಲ.”

“ನೀ ಬೀಳೂದಿಲ್ಲ ಅಂತ ನನಗ ಗೊತ್ತೈತಿ. ಬಾವಿಗೆ ಗೊತ್ತಿರಬೇಕಲ್ಲ!”

ನಗಬೇಕೆಂದುಕೊಂಡಳು ಸಾವಂತ್ರಿ. ನಗು ಬರಲಿಲ್ಲ. ‘ಆಣಿ ಮಾಡಿದ್ರಿ... ಹೊರಗ ಹೋಗಗೊಡೂದಿಲ್ಲ ಅಂದಿದ್ರಿ... ಆ ಮಾತೂ ನಾಟಕೇನು?’

* * *

ಒಂಬತ್ತನೇ ದಿನ ಮಧ್ಯಾಹ್ನ ಒಬ್ಬ ಹೆಂಗಸು ಬಾಗಿಲಿಗೆ ಬಂದಳು. ಐವತ್ತರ ವಯಸ್ಸು. ಕಾಲೆಲ್ಲ ಧೂಳು. ಅತ್ತು ಅತ್ತು ಕಣ್ಣು ಊದಿಕೊಂಡಿದ್ದವು.

“ಹಾಡ್ಕೊಂಡು ಅತ್ತಾಕಿ... ಆ ಹುಡುಗಿ ಮನಿ ಇದ ಏನ್ರಿ?”

ಸಾವಂತ್ರಿ ಹೊರಗೆ ಬಂದಳು. ಆ ಹೆಂಗಸು ಅವಳನ್ನು ನೋಡಿದ್ದೇ ತಡ ಬಂದು ಅಪ್ಪಿಕೊಂಡು ಗೋಳೋ ಎಂದಳು.

“ನನ್ನ ಮಗನ್ನ ಎಲ್ಲಿ ಮಣ್ಣ ಮಾಡೀರಿ ತೋರಸವ್ವಾ... ಒಂದ ಹಿಡಿ ಮಣ್ಣ ಹಾಕ್ತೇನಿ...”

“ಯಾರ ಮಗ? ನೀವು ಯಾರ್ರೀ ಯವ್ವಾ?”

“ನಾ ಗುಂಡವ್ವ. ಭೀಮಶ್ಯಾನ ತಾಯಿ.”

ಸಾವಂತ್ರಿ ಅವಳನ್ನು ಒಳಗೆ ಕರೆತಂದು ಕೂರಿಸಿದಳು.

ಗುಂಡವ್ವ ತನ್ನ ಊರಿನ ಸಾಲಿಯಲ್ಲಿ ಟಿ.ವಿ. ನೋಡಲು ಕೂತಿದ್ದಳು. ಮಗನ ಹೆಣ ನೋಡಿದಳು. ಗಂಡ ಸತ್ತ ಮೇಲೆ ಸಾಕಿದ ಒಬ್ಬನೇ ಮಗ. ಎಚ್ಚರ ತಪ್ಪಿ ಬಿದ್ದು ನಾಲ್ಕು ದಿನ ಮಲಗಿದ್ದಳಂತೆ. ಆಮೇಲೆ ಯಾವ ಊರು, ಯಾವ ಊರು ಅಂತ ಕೇಳುತ್ತ, ಬಸ್ಸು ಬದಲಿಸುತ್ತ ಬಂದಿದ್ದಳು.

“ನನಗ ಹೇಳದಂಗ ಲಗ್ನ ಆಗ್ಯಾನ ಅಂತ ಸಿಟ್ಟಿಲ್ಲವ್ವಾ. ಆಗ್ಲಿ. ಅವಾ ಹೋದ. ನೀ ಅವನ ಹೇಣ್ತಿ. ನಿನ್ನರೆ ಕರ್ಕೊಂಡ ಹೋಗ್ತೇನಿ. ಇದ್ದ ರೊಟ್ಟಿ ಇಬ್ಬರೂ ಹಂಚ್ಕೊಂಡ ತಿನ್ನೂಣು.”

ಇಡೀ ಜಿಲ್ಲೆ ಅವಳನ್ನು ಹೊರಗೆ ತಳ್ಳಿತ್ತು. ತನ್ನ ಮಗನನ್ನು ಕಳೆದುಕೊಂಡೆ ಎಂದು ನಂಬಿದ ಈ ಒಬ್ಬಳು ಅವಳನ್ನು ಮನೆಗೆ ಕರೆಯಲು ಬಂದಿದ್ದಳು!

“ಯವ್ವಾ, ನಿಮ್ಮ ಮಗ ಸತ್ತಿಲ್ರಿ! ಅದು ನಾಟಕ... ಕ್ಯಾಮೆರಾಕ್ಕ ಮಲಗಿದ್ರು. ನನಗೂ ಸುಳ್ಳ ಹೇಳಿದ್ರು. ಅವರು ಎದ್ದು ಕುಂತಿದ್ದು ನಾ ನೋಡೇನಿ!”

“ಎದ್ದಿದ್ರ ನನಗ ಪತ್ರ ಯಾಕ ಬರಿಲಿಲ್ಲ? ತಿಂಗಳಿಗೊಂದ ಕಾಗದ ತಪ್ಪಿಸಿದ ಹುಡುಗ ಅಲ್ಲ. ಎರಡ ತಿಂಗಳಾತು...”

“ನಿಮಗೂ... ನಿಮಗೂ ಬರದಿಲ್ಲೇನ್ರಿ?”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ‘ಸತ್ತಿದ್ರ ಚಲೋ ಇತ್ತು ಅಂದಿದ್ದೆ... ನನ್ನ ಬಾಯಿಲೇ ಅಂದಿದ್ದೆ... ಬದುಕಿದ್ದವರಿಗೆ ಅತ್ತೇನಿ! ದೇವರೇ, ಖರೇ ಆತೇನು?’

“ಅಪ್ಪಾ!” ಎಂದು ತಿರುಗಿದಳು. “ಅಪ್ಪಾ, ನಾ ಹುಡುಕಾಕ ಹೋಗ್ತೇನಿ. ಕಡಿ, ಕೊಲ್ಲು, ನಾ ಹೋಗ್ತೇನಿ!”

ಬಸಣ್ಣ ನೆಲ ನೋಡುತ್ತ ಕೂತಿದ್ದ. ಎದ್ದು ಪಟಗ ಕೊಡವಿ ತಲೆಗೆ ಸುತ್ತಿಕೊಂಡ.

“ಸಿಂದಗಿ ಬಸ್ ಎಷ್ಟಕ್ಕೈತಿ?” ಎಂದ. ಎರಡು ತಿಂಗಳಲ್ಲಿ ಅವನು ಮಗಳಿಗೆ ಆಡಿದ ಮೊದಲ ಮಾತು ಅದು.

* * *

ಸಿಂದಗಿ ಬಸ್‌ಸ್ಟ್ಯಾಂಡಿನ ಹೊರಗೆ ಬಾಡಿಗೆ ಜೀಪುಗಳು ನಿಲ್ಲುತ್ತಿದ್ದವು. ಆ ತಂಡವನ್ನು ತಿಂಗಳೆಲ್ಲ ಸುತ್ತಾಡಿಸಿದ ಜೀಪು ಕಾಸಿಂಸಾಬನದು. ಸಾವಂತ್ರಿಯನ್ನು ನೋಡಿದ ಕೂಡಲೇ ಅವನು ಬೀಡಿ ಎಸೆದು ಎದ್ದು ನಿಂತ.

“ತಂಗಿ... ನಿಮ್ಮೂರಿಗೆ ಬರಬೇಕಂತ ಹತ್ತ ಸಲ ಗಾಡಿ ತಿರುವೇನಿ. ನಿನಗ ತೋರಸಾಕ ಮಾರಿ ಇರಲಿಲ್ಲ.”

“ಅವರು ಎಲ್ಲೆದಾರ? ಇದ್ದಾರೋ ಇಲ್ಲೋ? ಅಷ್ಟ ಹೇಳ್ರಿ ಅಣ್ಣಾ!”

“ಅದಾನ! ಜೀವಂತ ಅದಾನ!”

ಗುಂಡವ್ವ ಅಲ್ಲೇ ನೆಲಕ್ಕೆ ಕೂತುಬಿಟ್ಟಳು. ಕಾಸಿಂಸಾಬ ಹೂಜಿಯಿಂದ ನೀರು ಕೊಟ್ಟು, ನಿಂತಲ್ಲೇ ಎಲ್ಲ ಹೇಳಿದ.

“ಆ ಹುಡುಗಗ ಏನೂ ಗೊತ್ತಿರಲಿಲ್ಲ ತಂಗಿ. ಹುಡುಗಿ ಒಪ್ಯಾಳ ಅಂತ ಅವಗ ಸುಳ್ಳ ಹೇಳಿದ್ರು, ಹುಡುಗ ಸತ್ತಾನ ಅಂತ ನಿನಗ ಸುಳ್ಳ ಹೇಳಿದ್ರು. ನನ್ನ ಎದುರಿಗೇ ಮಾತಾಡ್ಕೊಂಡ್ರು. ನಾ ಬಾಯಿ ಬಿಡಲಿಲ್ಲ. ಆ ಪಾಪ ನನ್ನ ಮ್ಯಾಲೂ ಐತಿ... ಹೋಗೂ ಮುಂದ ಇದ ಜೀಪಿನಾಗ ಆ ರೀಲ್ ಡಬ್ಬಿ ಕಸ್ಕೊಳ್ಳಾಕ ಹೋದ. ನಾಕ ಮಂದಿ ಕೂಡಿ ಹೊಡದ್ರು. ಆದ್ರೂ ಅವರ ಬೆನ್ನ ಹತ್ತಿ ಅವರ ದೊಡ್ಡ ಊರಿಗೆ ಹೋದ. ಅಲ್ಲಿ ಅವರ ಬಾಗಿಲದಾಗ ಹದಿನೈದ ದಿನಾ ಕುಂತಾನ. ಕಾಲ ಬಿದ್ದಾನ. ಕುತ್ತಿಗಿ ಹಿಡದು ದಬ್ಬಿದ್ರು. ಈಗ ಇಂಡಿ ಊರಾಗ ಒಂದು ಮೈಕಿನ ಅಂಗಡ್ಯಾಗ ಅದಾನ, ಅಲ್ಲೇ ಸಿಕ್ಕಾಗ ಇದೆಲ್ಲಾ ನನಗ ಹೇಳಿದ.”

“ಊರಿಗ್ಯಾಕ ಬರಲಿಲ್ಲ?” ಎಂದಳು ಗುಂಡವ್ವ.

“ಏನಂತ ಬರ್ಲಿ, ಆಣಿ ಮುರದೇನಿ ಅಂತಾನವ್ವಾ. ಊಟಾ ಬಿಟ್ಟಾನ. ಕೂಡ್ರಿ ಎಲ್ಲಾರೂ. ಇಂಡಿಗೆ ನಾ ಬಿಡ್ತೇನಿ.”

ಜೀಪು ಹೊರಟಿತು. ಹೊಡೆಸಿಕೊಂಡನಂತೆ. ಕಾಲು ಬಿದ್ದನಂತೆ. ‘ಎರಡ ಏಟು ನಾನೂ ಹೊಡದಿದ್ದೆ...’

* * *

ಇಂಡಿ ಊರಿನ ಬಜಾರಿನಲ್ಲಿ ಇಳಿಯುವ ಮೊದಲೇ ಒಂದು ಮೈಕಿನ ಕಹಳೆಯಿಂದ ದನಿ ಬಂತು.

“ಹಲೋ... ಹಲೋ... ಒಂದು, ಎರಡು, ಮೂರು...”

“ನನ್ನ ಮಗಾ!” ಎಂದು ಚೀರಿದಳು ಗುಂಡವ್ವ.

ಓಡುವ ಜೀಪಿನಿಂದಲೇ ಇಳಿಯಲು ಹೋದಳು. ಬಸಣ್ಣ ರಟ್ಟೆ ಹಿಡಿದ.

ಅಂಗಡಿಯ ಮುಂದೆ ಕೂತು ಮೈಕಿನ ತಂತಿ ಸುತ್ತುತ್ತಿದ್ದವನು ತಲೆ ಎತ್ತಿದ. ಗಡ್ಡ ಬೆಳೆದಿತ್ತು. ಅರ್ಧ ಆಗಿದ್ದ.

“ಅವ್ವಾ? ನೀ ಇಲ್ಲಿ...”

ಗುಂಡವ್ವ ಮೊದಲು ಅವನ ಕೆನ್ನೆಗೆ ಕೊಟ್ಟಳು. ಆಮೇಲೆ ಬೆನ್ನಿಗೆ ಗುದ್ದಿದಳು. ಆಮೇಲೆ ತಬ್ಬಿಕೊಂಡಳು.

“ಜೀವಂತ ಇದ್ದಿಯೇನೋ ಭಾಡ್ಯಾ! ನಿನ್ನ ಹೆಣಾ ನೋಡಿ ಬಂದೇನಲ್ಲೋ! ಒಂದ ಕಾಗದ ಹಾಕಾಕ ನಿನ್ನ ಕೈ ಸೇದಿ ಹೋಗಿತ್ತೇನೋ!”

“ನನ್ನ ಹೆಣಾ? ನೀ ಅದನ್ನ ನೋಡಿದೇನವ್ವಾ?” ಅವಳ ಊರಿನಲ್ಲೂ ಟಿ.ವಿ. ಇದೆ ಎಂಬುದು ಅವನ ತಲೆಗೇ ಹೊಳೆದಿರಲಿಲ್ಲ. ಊರೂರ ದನಿ ಹಿಡಿದವನಿಗೆ ತನ್ನ ತಾಯಿಯ ಕಿವಿಯ ನೆನಪಾಗಿರಲಿಲ್ಲ!

ಆಗ ಅವಳ ಹಿಂದೆ ನಿಂತವಳನ್ನು ಕಂಡ.

ಸಾವಂತ್ರಿ ಮುಂದೆ ಬರಲಿಲ್ಲ. ಜೀಪಿನ ಕಂಬಿ ಹಿಡಿದು ನಿಂತಿದ್ದಳು.

“ಆಣಿ ಮಾಡಿದ್ರಿ,” ಎಂದಳು.

“ಮಾಡಿದ್ದೆ. ಉಳಿಸ್ಕೊಳ್ಳಲಿಲ್ಲ.”

“ಕಾಸಿಂಸಾಬಣ್ಣ ಎಲ್ಲಾ ಹೇಳ್ಯಾನ. ನಿಮಗ ಗೊತ್ತಿರಲಿಲ್ಲಂತ.”

ಹೌದು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಷ್ಟು ಸುಲಭದ ದಾರಿ ಎದುರಿಗೇ ಇತ್ತು. ಭೀಮಶ್ಯಾ ತಲೆ ಅಲ್ಲಾಡಿಸಿದ.

“ಪೂರಾ ಖರೇ ಅಲ್ಲ ಸಾವಂತ್ರಿ. ಮೊದಲ ಗೊತ್ತಿರಲಿಲ್ಲ. ನೀ ಬಂದು ಬಿದ್ದಾಗ, ಚಲೋ ಮಾಡಾಕತ್ತಾಳ ಅಂದ್ಕೊಂಡೆ. ಬಾಗೇವಾಡಿ ಸೀರಿ ಅಂದೆಲ್ಲ, ಆವಾಗ ತಿಳೀತು, ಇದು ನಾಟಕ ಅಲ್ಲ ಅಂತ. ಏಳಬೇಕಿತ್ತು. ಏಳಲಿಲ್ಲ.”

“ಯಾಕ?”

“ಹಂಗ ನನಗ ಯಾರೂ ಅಂದಿರಲಿಲ್ಲ... ಇನ್ನೊಂದ ಮಾತ ಕೇಳಬೇಕು ಅನಿಸ್ತು. ನಿನ್ನ ಎದಿ ಒಡಿಯಾಕತ್ತಿತ್ತು, ನಾ ಆಸೆಗೆ ಬಿದ್ದು ಮಲಗಿದ್ದೆ. ಆ ಡೈರೆಕ್ಟರ್ ಕ್ಯಾಮೆರಾಲೇ ಕದ್ದ, ನಾ ಕಿವೀಲೇ ಕದ್ದೆ. ಅವಗೂ ನನಗೂ ಭಾಳ ಫರಕ್ ಇಲ್ಲ. ಅದಕ್ಕ ಬರಲಿಲ್ಲ.”

ಬಸಣ್ಣ ಕಾಸಿಂಸಾಬನ ಕಡೆ ನೋಡಿದ, ಕಾಸಿಂಸಾಬ ನೆಲ ನೋಡಿದ.

ಸಾವಂತ್ರಿಯ ಕಣ್ಣಲ್ಲಿ ನೀರು ತುಂಬಿತು. ಸಿಟ್ಟೂ ಇತ್ತು, ಬಹಳ ಇತ್ತು. ಆದರೆ ಈ ಎರಡು ತಿಂಗಳಲ್ಲಿ ಅವಳಿಗೆ ಯಾರೂ ಪೂರಾ ಖರೇ ಹೇಳಿರಲಿಲ್ಲ. ತನಗೇ ನಷ್ಟವಾಗುವ ಖರೇ ಹೇಳಿದವನು ಇವನೊಬ್ಬನೇ.

“ಅವಾ ಕದ್ದು ಊರಿಗೆ ಹಂಚಿದ,” ಎಂದಳು ಮೆಲ್ಲಗೆ. “ನೀವು ಕದ್ದು ಊಟಾ ಬಿಟ್ರಿ. ಫರಕ್ ಐತಿ.”

“ಸಾವಂತ್ರಿ...”

“ಆದ್ರ ಅದು ಸತ್ತವರಿಗೆ ಹೇಳಿದ್ದು. ಬದುಕಿದ್ದವರಿಗೆ ಇನ್ನೂ ಏನೂ ಹೇಳಿಲ್ಲ ನಾ!”

“ಏ, ನಿಂದರ್ರಿ!” ಎಂದು ನಡುವೆ ಬಂದಳು ಗುಂಡವ್ವ. “ಮಾತು ಆಮ್ಯಾಲೆ. ಬದುಕಿದ್ದವನ ಮ್ಯಾಲೆ ಸಾವಿನ ಅಳು ಬಿದ್ದೈತಿ. ನಮ್ಮ ಹಿರ್ಯಾರು ಹೇಳ್ತಾರ, ಅತ್ತ ಬಾಯೇ ಹೆಸರು ಹಿಡಿದು ಮೂರು ಸಲ ಕರೀಬೇಕು, ಅವಾ ಓ ಅನ್ನಬೇಕು. ಆವಾಗ ಆ ಅಳು ಕಳೀತೈತಿ. ಕರಿಯವ್ವಾ. ನನಗಿರೂದು ಇವನೊಬ್ಬನ.”

“ಅವ್ವಾ, ನನಗ ಆ ನಂಬಿಕಿ...” ಎಂದು ಶುರು ಮಾಡಿದ ಭೀಮಶ್ಯಾ.

“ನಿನಗ ನಂಬಿಕಿ ಇಲ್ಲದ್ದಕ್ಕ ಇಷ್ಟೆಲ್ಲಾ ಆತು! ಬಾಯಿ ಮುಚ್ಚು!”

ಬಸಣ್ಣ ಒಂದು ಹೆಜ್ಜೆ ಮುಂದೆ ಬಂದ. “ಕರಿ ಮಗಳ,” ಎಂದ. “ಊರ ಮುಂದ ಅತ್ತೀದಿ. ಊರ ಮುಂದನ ಕರಿ.”

ಸಾವಂತ್ರಿ ಕಂಬಿ ಬಿಟ್ಟಳು. ಮುಂದೆ ಬಂದಳು. ಬಜಾರಿನ ಜನ ಕೆಲಸ ಬಿಟ್ಟು ನೋಡುತ್ತಿದ್ದರು. ನೋಡಲಿ!

“ಭೀಮಶ್ಯಾ!” ಎಂದಳು ಸಿಟ್ಟಿನಿಂದ.

“ಓ...”

“ಭೀಮಶ್ಯಾ...” ಈ ಸಲ ಅಳು ಬಂತು. ಎರಡು ತಿಂಗಳು ನುಂಗಿದ್ದ ಅಳು.

“ಓ.”

ಮೂರನೆಯದು ಬಾಯಿಂದ ಹೊರಡಲಿಲ್ಲ. ಅವಳು ಅವನ ತೀರ ಹತ್ತಿರ ಬಂದು, ತುಟಿ ಮಾತ್ರ ಅಲುಗಿಸಿದಳು. ಉಸಿರಿನಷ್ಟು ಸಣ್ಣಗೆ, ಅವನೊಬ್ಬನಿಗೇ.

“ಓ,” ಎಂದ ಅವನು. ಕಣ್ಣು ತುಂಬಿ ಹರಿದವು.

ಗುಂಡವ್ವ ಸೆರಗಿನಿಂದ ಇಬ್ಬರ ಮೇಲೂ ದೃಷ್ಟಿ ನಿವಾಳಿಸಿ ಲಟಿಕೆ ಮುರಿದಳು. ಬಸಣ್ಣ ಆ ಕಡೆ ತಿರುಗಿ ಪಟಗದ ತುದಿಯಿಂದ ಮುಖ ಒರೆಸಿಕೊಂಡ.

“ನಾಕನೇದ ಸಲ ಕರಿಯೂದಿಲ್ಲೇನು?” ಎಂದ ಭೀಮಶ್ಯಾ ಪಿಸುಗುಟ್ಟಿ.

“ಇಲ್ಲ. ಇನ್ನ ಜೀವ ಇರೂತನಕ ಕರಿಯೂದಿಲ್ಲ.”

“ಯಾಕ? ಸಿಟ್ಟ ಹೋಗಿಲ್ಲೇನು ಇನ್ನಾ?”

ಸಾವಂತ್ರಿ ತಲೆಯ ಮೇಲೆ ಸೆರಗು ಎಳೆದುಕೊಂಡಳು.

“ಗಂಡನ ಹೆಸರು ಹಿಡಿದು ಕರೀತಾರೇನ್ರಿ ಯಾರರೆ?”